ಇಳಿಜಾರಿನ ಐದು ಪಟ್ಟೆ

ವಾರದಲ್ಲಿ ಮೂರು ದಿನ ತಾವು ಮನೆಯಲ್ಲಿ ಇರುವುದಿಲ್ಲವೆಂದು ದಾಕ್ಷಾಯಣಮ್ಮ ಹೇಳಿದ್ದು ಶಿವರಾತ್ರಿ ಕಳೆದ ಭಾನುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದಾಗ. ಎಲ್ಲರಿಗೂ ಮುದ್ದೆ ಬಡಿಸಿ, ಸೊಪ್ಪಿನ ಸಾರು ಹಾಕಿ, ತಾವೂ ತಟ್ಟೆ ಎಳೆದುಕೊಂಡ ಮೇಲೆ ಹೇಳಿದರು.

"ಮಂಗಳವಾರ, ಗುರುವಾರ, ಶನಿವಾರ. ಏಳು ಗಂಟೆ ಬಸ್ಸಿಗೆ ಹೋದ್ರೆ ಸಾಯಂಕಾಲ ಆರಕ್ಕೆ ವಾಪಸ್ಸು."

"ಎಲ್ಲಿಗೆ?" ಎಂದರು ಗಂಡ ಸಿದ್ದಮಲ್ಲಪ್ಪ.

"ಹೊಲಕ್ಕೆ."

"ಯಾವ ಹೊಲಕ್ಕೆ?"

"ನನ್ನ ಹೊಲಕ್ಕೆ."

ಸಿದ್ದಮಲ್ಲಪ್ಪ ಮಗ ಶಿವಕುಮಾರನ ಮುಖ ನೋಡಿದರು. ಶಿವಕುಮಾರ ಹೆಂಡತಿ ಬಿಂದುಶ್ರೀಯ ಮುಖ ನೋಡಿದ. ಐದನೇ ಕ್ಲಾಸಿನ ಮೊಮ್ಮಗಳು ಧನುಶ್ರೀ ಮಾತ್ರ, "ಅಜ್ಜಿ, ನಾನೂ ಬರ್ಲಾ?" ಎಂದಳು.

ದಾಕ್ಷಾಯಣಮ್ಮನ ತವರು ನಂಜನಗೂಡು ದಾಟಿದ ಮೇಲೆ ಬರುವ ಕಾರೆಹುಂಡಿ. ಎರಡು ವರ್ಷದ ಹಿಂದೆ ತಂದೆ ತೀರಿಕೊಂಡಾಗ ನಾಲೆ ಬಯಲಿನ ಗದ್ದೆಗಳನ್ನು ಇಬ್ಬರು ತಮ್ಮಂದಿರು ಹಂಚಿಕೊಂಡು, ಗುಡ್ಡದ ಇಳಿಜಾರಿನಲ್ಲಿದ್ದ ಮೂರು ಎಕರೆ ಖುಷ್ಕಿಯನ್ನು ಅಕ್ಕನ ಹೆಸರಿಗೆ ಬರೆದುಕೊಟ್ಟಿದ್ದರು. ನೀರಿಲ್ಲ, ಬಾವಿಯಿಲ್ಲ, ಕೆಂಪು ಮಣ್ಣು. ಅಕ್ಕ ಅದನ್ನು ಮಾರಿಕೊಳ್ಳುತ್ತಾಳೆಂದೇ ಅವರೂ ತಿಳಿದಿದ್ದರು, ಮೈಸೂರಿನ ದೇವರಾಜ ಮೊಹಲ್ಲಾದ ಈ ಮನೆಯವರೂ ತಿಳಿದಿದ್ದರು. ಎರಡು ವರ್ಷದಿಂದ ಅದು ಬೀಳು ಬಿದ್ದಿತ್ತು.

"ಅತ್ತೆ, ನಾನು ಎಂಟಕ್ಕೆ ಶಾಲೇಲಿ ಇರ್ಬೇಕು," ಎಂದಳು ಬಿಂದುಶ್ರೀ. ಅವಳು ಖಾಸಗಿ ಶಾಲೆಯೊಂದರಲ್ಲಿ ಗಣಿತದ ಟೀಚರು. "ಧನುಗೆ ಡಬ್ಬಿ, ಮಾವನಿಗೆ ತಿಂಡಿ, ಇವರಿಗೆ ಅಂಗಡಿಗೆ ಊಟ. ಇಷ್ಟೂ ನಾನೊಬ್ಬಳೇ ಹೆಂಗೆ ಮಾಡ್ಲಿ?"

"ನೀನೊಬ್ಬಳೇ ಮಾಡು ಅಂತ ನಾನೆಲ್ಲಿ ಅಂದೆ? ಮನೇಲಿ ಇನ್ನೂ ಇಬ್ಬರಿದಾರಲ್ಲ, ಕೈ ಇರೋರು."

"ಏನೇ, ನಾನು ಒಲೆ ಮುಂದೆ ನಿಲ್ಲಬೇಕಾ?" ಸಿದ್ದಮಲ್ಲಪ್ಪನವರಿಗೆ ಸಿಟ್ಟು ಬಂತು. ನಲವತ್ತು ವರ್ಷ ಮಾರುಕಟ್ಟೆ ಹಿಂದಿನ ಬೀದಿಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ ನಡೆಸಿ, ಈಗ ಮಗನ ಕೈಗೆ ಕೊಟ್ಟು ಆರಾಮವಾಗಿ ಪೇಪರು ಓದುತ್ತಿದ್ದವರು. "ಮೂರು ಎಕರೆ ನೊರಜುಗಲ್ಲಿಗೆ ಬಸ್ ಚಾರ್ಜು ದಂಡ. ಯಾರಿಗಾದ್ರೂ ಕೊಟ್ಟು ಕೈ ತೊಳ್ಕೊಳ್ಳೋದು ಬಿಟ್ಟು..."

"ಬಸ್ ಚಾರ್ಜು ಎಲ್ರೀ, ಹೆಂಗಸ್ರಿಗೆ ಫ್ರೀ," ಎಂದು ದಾಕ್ಷಾಯಣಮ್ಮ ಮುದ್ದೆ ಮುರಿದರು.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಅವರು ಬುತ್ತಿ ಕಟ್ಟಿಕೊಂಡು ಹೊರಟೇಬಿಟ್ಟರು. ಅವತ್ತು ಸಿದ್ದಮಲ್ಲಪ್ಪ ಮಾಡಿದ ಉಪ್ಪಿಟ್ಟು ಅಂಟಿನ ಹಾಗೆ ಸೌಟಿಗೆ ಹತ್ತಿಕೊಂಡಿತು. ಧನುಶ್ರೀ ಡಬ್ಬಿಯನ್ನು ಹಾಗೇ ವಾಪಸು ತಂದಳು. ಗುರುವಾರ ಬಿಂದುಶ್ರೀ ಐದಕ್ಕೆ ಎದ್ದು ಅನ್ನ ಸಾರು ಮಾಡಿಟ್ಟಳು. ಇಡೀ ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಶನಿವಾರ ಶಿವಕುಮಾರ ಹೋಟೆಲಿನಿಂದ ಇಡ್ಲಿ ತಂದ. ಮೂರನೇ ವಾರದ ಹೊತ್ತಿಗೆ ಸಿದ್ದಮಲ್ಲಪ್ಪನವರ ಉಪ್ಪಿಟ್ಟು ಬಿಡಿಬಿಡಿಯಾಗಿ ಬರತೊಡಗಿತು. ನೀರು ಎಷ್ಟು ಹಾಕಬೇಕೆಂದು ಅವರು ಸೊಸೆಯನ್ನು ಕೇಳಿ ತಿಳಿದುಕೊಂಡಿದ್ದರು, ಹೆಂಡತಿಯನ್ನು ಕೇಳಿರಲಿಲ್ಲ.

ಹೊಲದಲ್ಲಿ ದಾಕ್ಷಾಯಣಮ್ಮನ ಜೊತೆಗಿದ್ದವರು ನಂಜಯ್ಯ. ದಾಕ್ಷಾಯಣಮ್ಮನ ತಂದೆಯ ಬಳಿ ಮೂವತ್ತು ವರ್ಷ ಆಳಾಗಿ ದುಡಿದು, ಆಮೇಲೆ ಇಳಿಜಾರಿನ ಕೆಳಗೇ ತಮ್ಮದೊಂದು ಎಕರೆ ಮಾಡಿಕೊಂಡಿದ್ದ ಮನುಷ್ಯ. ಮೂರು ಎಕರೆ ಐದು ಪಟ್ಟೆಗಳಾಗಿ ಮೆಟ್ಟಿಲಿನಂತೆ ಇಳಿದಿತ್ತು. ಪ್ರತಿ ಪಟ್ಟೆಯ ಕೆಳಗಿನ ಅಂಚಿಗೂ ಮೊಣಕಾಲೆತ್ತರದ ಬದು. ಬದುವಿನ ತುಂಬ ತಂಗಡಿ, ಲಕ್ಕಿ, ಅಲ್ಲಲ್ಲಿ ಹೊಂಗೆ. ನೋಡಿದವರಿಗೆ ಬರೀ ಪೊದೆ.

"ಇದ್ಯಾಕೆ ನಂಜಯ್ಯಣ್ಣ, ಅಪ್ಪ ಇದನ್ನ ಕಡಿಸ್ಲೇ ಇಲ್ಲ?"

"ಕಡಿಸಾದಾ? ನೆಟ್ಟೋರೇ ಅವರು ಕಣವ್ವ." ನಂಜಯ್ಯ ಗುದ್ದಲಿಯಿಂದ ಒಂದು ಗೇಣು ಕೆದಕಿದರು. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಬಿಳಿಚಿದ ಹರಳುಗಲ್ಲು. "ನೋಡಿ, ಇರಾದೇ ಇಷ್ಟು. ಈ ಗೇಣು ಮಣ್ಣು ಹೋದ್ರೆ ಇಲ್ಲಿ ಹುಲ್ಲೂ ಹುಟ್ಟಕ್ಕಿಲ್ಲ. ತಂಗಡಿ ಬೇರು ಹಿಡ್ಕಂಡದೆ. ಸೊಪ್ಪು ಉದುರಿ ಗೊಬ್ಬರ ಆಯ್ತದೆ. ಬ್ಯಾಸಗೇಲಿ ಕುರಿ ಮಂದೆ ನಿಲ್ಲಿಸ್ತಿದ್ರು ಅಪ್ಪಾರು. ಒಂದೊಂದು ಪಟ್ಟೇಲಿ ಮೂರ್ಮೂರು ರಾತ್ರಿ."

ದಾಕ್ಷಾಯಣಮ್ಮ ಕಲ್ಲು ಆಯ್ದರು. ಕುರಿಯವರನ್ನು ಹುಡುಕಿ ಮಂದೆ ನಿಲ್ಲಿಸಿದರು. ಸಂಜೆ ಮನೆಗೆ ಬಂದಾಗ ಅವರ ಸೀರೆಯಲ್ಲಿ ಕುರಿ ವಾಸನೆ ಬರುತ್ತಿತ್ತು. ಬಿಂದುಶ್ರೀ ಮೂಗು ಮುಚ್ಚಿಕೊಂಡರೂ ಬಿಸಿನೀರು ಕಾಯಿಸಿ ಇಡುತ್ತಿದ್ದಳು.

ಏಪ್ರಿಲ್ ಎರಡನೇ ವಾರ ದಾಕ್ಷಾಯಣಮ್ಮನಿಗೆ ಜ್ವರ ಬಂತು. ಚಿಕೂನ್‌ಗುನ್ಯಾ ಎಂದರು ಡಾಕ್ಟರು. ಜ್ವರ ನಾಲ್ಕು ದಿನಕ್ಕೆ ಬಿಟ್ಟರೂ ಕೀಲುಗಳ ನೋವು ಬಿಡಲಿಲ್ಲ. ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯಬೇಕು.

"ನಂಜಯ್ಯಣ್ಣನಿಗೆ ಒಂದು ಫೋನ್ ಮಾಡಿ ಹೇಳು ಕುಮಾರ. ಮಳೆ ಬಿದ್ರೆ ಉಳುಮೆ ಮಾಡಿಸ್ಬೇಕು."

"ನೀನು ಮಲ್ಕೊ ಅಮ್ಮ. ನಾನು ನೋಡ್ಕೋತೀನಿ," ಎಂದ ಶಿವಕುಮಾರ.

ಅವನು ನಿಜಕ್ಕೂ ನೋಡಿಕೊಳ್ಳಬೇಕೆಂದೇ ಹೋದ. ಹೊಲಕ್ಕೆ ಅವನು ಹೋದದ್ದು ಅದೇ ಮೊದಲು. ತಾಯಿ ಈ ಮಂಡಿ ಇಟ್ಟುಕೊಂಡು ಐದು ಬದು ಹತ್ತಿ ಇಳಿಯುವುದನ್ನು ನೆನೆದು ಅವನಿಗೆ ಸಂಕಟವಾಯಿತು. ಒಂದು ಪೊದೆಯಿಂದ ಹಾವೊಂದು ಹರಿದುಹೋಯಿತು. ಟ್ರ್ಯಾಕ್ಟರಿನವನು, "ಇಷ್ಟು ಸಣ್ಣ ಪಟ್ಟೇಲಿ ಗಾಡಿ ತಿರುಗಲ್ಲ ಸಾರ್," ಎಂದ. ಸುನಿಲ್ ಎಂಬ ಪರಿಚಯದವನ ಹತ್ತಿರ ಜೆಸಿಬಿ ಇತ್ತು. ನಂಜಯ್ಯ ಆ ದಿನಗಳಲ್ಲಿ ಮಗಳ ಊರಿಗೆ ಹೋಗಿದ್ದರು. ಕೇಳಬೇಕೆಂದು ಶಿವಕುಮಾರನಿಗೆ ಹೊಳೆಯಲೂ ಇಲ್ಲ.

ಎರಡು ದಿನದಲ್ಲಿ ಐದು ಪಟ್ಟೆ ಒಂದಾಯಿತು. ಅವನು ಫೋಟೊ ತೆಗೆದುಕೊಂಡು ಬಂದು ತಾಯಿಯ ಹಾಸಿಗೆ ಮೇಲೆ ಕೂತ.

"ನೋಡಮ್ಮ, ಆಟದ ಮೈದಾನ ಇದ್ದಂಗಿದೆ. ಇನ್ನು ಟ್ರ್ಯಾಕ್ಟರು ಒಂದೂವರೆ ಗಂಟೇಲಿ ಉತ್ತು ಮುಗಿಸುತ್ತೆ. ನೀನು ಹೋಗ್ಲೇಬೇಕಾಗಿಲ್ಲ."

ದಾಕ್ಷಾಯಣಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಬದು ಎಲ್ಲಪ್ಪ?"

"ತೆಗೆಸ್ಬಿಟ್ಟೆ."

"ತಂಗಡಿ?"

"ಅದೆಲ್ಲ ಪೊದೆ ಅಮ್ಮ. ಹಾವಿತ್ತು ಅದ್ರಲ್ಲಿ."

ಅವರು ಫೋನನ್ನು ವಾಪಸು ಕೊಟ್ಟು ಗೋಡೆ ಕಡೆ ತಿರುಗಿ ಮಲಗಿದರು. ಮಧ್ಯಾಹ್ನದ ಗಂಜಿ ಹಾಗೇ ಆರಿಹೋಯಿತು. "ಹೊಗಳ್ತಾರೆ ಅಂದ್ಕೊಂಡು ಮಾಡಿದ್ನಲ್ಲ," ಎಂದು ಶಿವಕುಮಾರ ಅಡುಗೆಮನೆಯಲ್ಲಿ ಹೆಂಡತಿಗೆ ಹೇಳಿದ. "ಕೇಳಿ ಮಾಡ್ಬೇಕಿತ್ತು," ಎಂದಳು ಬಿಂದುಶ್ರೀ. "ನಾನೇನಾದ್ರೂ ನಿಮ್ಮ ಅಂಗಡಿ ಗೋಡೆ ಒಡೆಸಿ ವಿಶಾಲ ಮಾಡಿದ್ರೆ ಸುಮ್ನಿರ್ತೀರಾ?"

ಮೇ ಮೊದಲ ವಾರ ಭರಣಿ ಮಳೆ ಬಂತು. ಮೈಸೂರಿನಲ್ಲಿ ಅರ್ಧ ಗಂಟೆ ಹೊಯ್ದು ನಿಂತಿತು. ಮಾರನೆಯ ಬೆಳಿಗ್ಗೆ ನಂಜಯ್ಯನ ಫೋನು. "ಒಂದ್ಸಲ ಬಂದು ನೋಡ್ಕಂಡೋಗಿ," ಎಂದಷ್ಟೇ ಹೇಳಿ ಇಟ್ಟರು.

ಶಿವಕುಮಾರ ತಾಯಿಯನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಸಿದ್ದಮಲ್ಲಪ್ಪನವರೂ ಬಂದರು. ಮೈದಾನದಂತಿದ್ದ ಹೊಲದ ನಡುವೆ ಒಬ್ಬ ಮನುಷ್ಯ ಅಡ್ಡ ಮಲಗುವಷ್ಟು ಅಗಲದ ಕೊರಕಲು ಬಿದ್ದಿತ್ತು. ಮೇಲಿನ ಅರ್ಧದಲ್ಲಿ ಮಣ್ಣೇ ಇರಲಿಲ್ಲ. ಹರಳುಗಲ್ಲು ತೊಳೆದಿಟ್ಟ ಹಾಗೆ ಬಿಸಿಲಿಗೆ ಹೊಳೆಯುತ್ತಿತ್ತು. ಕುರಿ ಮಂದೆಯ ಗೊಬ್ಬರವೂ ಅದರ ಜೊತೆಗೇ ಹೋಗಿತ್ತು. ಕೆಳಗೆ, ನಂಜಯ್ಯನ ಎಳ್ಳಿನ ಹೊಲದಲ್ಲಿ, ಬೆರಳುದ್ದ ಬಂದಿದ್ದ ಪೈರಿನ ಮೇಲೆ ಒಂದಡಿ ಕೆಂಪು ಕೆಸರು ಕೂತಿತ್ತು.

ನಂಜಯ್ಯ ತಮ್ಮ ಹೊಲದ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಎದ್ದು ನಿಲ್ಲಲಿಲ್ಲ.

"ಮಣ್ಣು ನಿಮ್ದು. ಬಂದಿರಾದು ನನ್ನ ಹೊಲಕ್ಕೆ. ತಗಂಡೋಗಿ," ಎಂದರು.

ಶಿವಕುಮಾರ ಜೇಬಿಗೆ ಕೈ ಹಾಕಿದ. "ನೋಡು ನಂಜಯ್ಯ, ಆಗಿದ್ದು ಆಗೋಯ್ತು. ಎಷ್ಟಾಯ್ತು ಹೇಳು, ಕೊಡ್ತೀನಿ."

"ಬೀಜದ ಕಾಸು, ಉಳುಮೆ ಕಾಸು ಕೊಡಿ. ಬ್ಯಾಡ ಅನ್ನಕ್ಕಿಲ್ಲ. ಮುಂದಿನ ಮಳೆಗೆ ಏನು ಮಾಡೀರಿ? ನಾನು ಪ್ರತಿ ಮಳೆಗೂ ಕಾಸು ಇಸ್ಕಂಡು ಕೂತ್ಕಬೇಕಾ?"

ಶಿವಕುಮಾರ ಜೇಬಿನಿಂದ ಕೈ ತೆಗೆದ. ದಾಕ್ಷಾಯಣಮ್ಮ ಕೋಲೂರಿಕೊಂಡು ಕೆಳಗಿಳಿದು ಬಂದು ನಂಜಯ್ಯನ ಪಕ್ಕದಲ್ಲೇ ಬದುವಿನ ಮೇಲೆ ಕೂತರು.

"ಅಪ್ಪ ಎಷ್ಟು ವರ್ಷ ತಗೊಂಡ್ರು ನಂಜಯ್ಯಣ್ಣ, ಆ ಬದು ಎಲ್ಲ ಮಾಡೋಕೆ?"

"ನಾನು ಬಂದಾಗ್ಲೇ ಇತ್ತು. ಅದಕ್ಕೆ ಮುಂಚೆ ಎಷ್ಟು ವರ್ಷವೋ."

ಅವತ್ತು ಸಂಜೆ ಮನೆಯಲ್ಲಿ ಜಗಳವಾಯಿತು. ಕಾಫಿ ಲೋಟಗಳು ಆರುತ್ತಿದ್ದವು. ಸಿದ್ದಮಲ್ಲಪ್ಪ, "ಇನ್ನಾದ್ರೂ ಮಾರ್ಬಿಡು," ಎಂದರು. ಶಿವಕುಮಾರ, "ನಾನು ಯಾರಿಗೋಸ್ಕರ ಮಾಡಿದೆ? ನನಗೇನು ಅದ್ರಿಂದ ಲಾಭ? ಎಲ್ಲರೂ ನನ್ನನ್ನೇ ಅಪರಾಧಿ ಥರ ನೋಡ್ತೀರಲ್ಲ!" ಎಂದು ದನಿ ಎತ್ತಿದ.

"ನನಗೋಸ್ಕರನೇ ಮಾಡಿದ್ದು. ಗೊತ್ತು ನನಗೆ," ಎಂದರು ದಾಕ್ಷಾಯಣಮ್ಮ. "ಆದ್ರೆ ನನ್ನನ್ನ ಕೇಳಲಿಲ್ಲ ನೀನು. ನನ್ನ ತಮ್ಮಂದಿರೂ ಕೇಳಲಿಲ್ಲ, ಅಕ್ಕ ನಿನಗೆ ಯಾವುದು ಬೇಕು ಅಂತ. ಬೇಡದ್ದನ್ನ ಕೊಟ್ರು. ನಾನು ಬೇಕು ಅಂತ ಇಟ್ಕೊಂಡೆ. ಅಷ್ಟು ಆಸೆಪಟ್ಟಿದ್ದು ಇದೊಂದಕ್ಕೇ ಕಣೋ."

ಶಿವಕುಮಾರ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ.

"ಈಗೇನು ಮಾಡ್ಲಿ ಹೇಳಮ್ಮ," ಎಂದ.

"ಭಾನುವಾರ ಅಂಗಡಿ ರಜ ತಾನೇ? ಬಾ. ಆ ಮಣ್ಣು ಅಲ್ಲೇ ಇದೆ. ಹೊತ್ತು ಮೇಲಕ್ಕೆ ಹಾಕು."

ಶಿವಕುಮಾರ ಹೋದ. ಮೊದಲ ಭಾನುವಾರ ಅವನೂ ಇಬ್ಬರು ಆಳುಗಳೂ ಬಾಂಡ್ಲಿಯಲ್ಲಿ ಕೆಸರು ಹೊತ್ತರು. ಮಧ್ಯಾಹ್ನದ ಹೊತ್ತಿಗೆ ಅವನ ಅಂಗೈ ಬೊಬ್ಬೆ ಎದ್ದಿತ್ತು. ಬದು ಹಾಕಲು ನೋಡಿದರೆ ಸಡಿಲ ಮಣ್ಣು ನಿಲ್ಲದೆ ಜಾರುತ್ತಿತ್ತು. ರಾತ್ರಿ ಊಟದಲ್ಲಿ ತುತ್ತು ಹಿಡಿಯಲಾಗದೆ ಚಮಚ ಕೇಳಿದ. ಸಿದ್ದಮಲ್ಲಪ್ಪ ಅವನ ಕೈ ನೋಡಿದರು.

ಎರಡನೇ ಭಾನುವಾರ ಬೆಳಿಗ್ಗೆ ಮನೆ ಮುಂದೆ ಒಂದು ಗೂಡ್ಸ್ ಆಟೊ ನಿಂತಿತು. ಅದರ ತುಂಬ ಗೋಣಿಚೀಲ. ಸಿದ್ದಮಲ್ಲಪ್ಪ ಪಂಚೆ ಎತ್ತಿ ಕಟ್ಟಿ ಮುಂದೆ ಕೂತಿದ್ದರು.

"ಹರಿದ ಚೀಲ, ಗೋಡೌನಿನಲ್ಲಿ ಇಲಿ ಕಡೀತಾ ಬಿದ್ದಿತ್ತು. ಮಾರೋಕೆ ಬರಲ್ಲ," ಎಂದರು ಯಾರೂ ಕೇಳದಿದ್ದರೂ. "ಮಣ್ಣು ತುಂಬಿ ಹೊಲಿದು ಅಡ್ಡ ಇಟ್ರೆ ಜಾರಲ್ಲ. ಒಂದೆರಡು ವರ್ಷಕ್ಕೆ ಗೋಣಿ ಕೊಳೆತುಹೋಗುತ್ತೆ. ಅಷ್ಟರಲ್ಲಿ ಗಿಡ ಬೇರು ಬಿಡ್ಲಿ."

"ನೀವೂ ಬರ್ತೀರಾ?" ದಾಕ್ಷಾಯಣಮ್ಮ ಕೇಳಿದರು.

"ಚೀಲ ಹೊಲಿಯೋಕೆ ನಿನ್ನ ಮಗನಿಗೆ ಬರುತ್ತಾ? ದಬ್ಬಣ ಹಿಡಿಯೋದೇ ಗೊತ್ತಿಲ್ಲ ಅವನಿಗೆ."

ಶಾಲೆಗೆ ಇನ್ನೂ ಬೇಸಿಗೆ ರಜ. ಬಿಂದುಶ್ರೀಯೂ ಮಗಳನ್ನು ಕರೆದುಕೊಂಡು ಹೊರಟಳು. ಬದು ಎಲ್ಲಿ ಬರಬೇಕೆಂಬ ಪ್ರಶ್ನೆ ಬಂದಾಗ ಶಿವಕುಮಾರ ಹಗ್ಗ ಕಟ್ಟಿ ನೆಟ್ಟಗೆ ಗೆರೆ ಎಳೆದಿದ್ದ. ನಂಜಯ್ಯ ತಲೆ ಅಲ್ಲಾಡಿಸಿದರು. ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪನ್ನು ಬಿಂದುಶ್ರೀ ಪಕ್ಕದ ಬೀದಿಯ ಮೇಸ್ತ್ರಿಯಿಂದ ಕೇಳಿ ತಂದಿದ್ದಳು. ಪೈಪಿನ ಎರಡು ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುವ ಜಾಗ ಹುಡುಕುತ್ತ, ಒಂದು ತುದಿ ತಾನು, ಇನ್ನೊಂದು ತುದಿ ಧನುಶ್ರೀ ಹಿಡಿದು ಹೋದರು. ಅವಳು ಹೇಳಿದಲ್ಲೆಲ್ಲ ಧನುಶ್ರೀ ರಂಗೋಲಿ ಪುಡಿ ಉದುರಿಸಿದಳು. ಗೆರೆ ಗುಡ್ಡದ ಮೈ ಹಿಡಿದು ಬಾಗುತ್ತಾ ಹೋಯಿತು.

"ಇದೇನು ಇಷ್ಟು ಸೊಟ್ಟಗಿದೆ?" ಎಂದ ಶಿವಕುಮಾರ.

"ನಿಮಗೆ ಸೊಟ್ಟ ಕಣಪ್ಪ. ನೀರಿಗೆ ಅದೇ ನೆಟ್ಟಗೆ," ಎಂದರು ನಂಜಯ್ಯ. ಆಮೇಲೆ ಬಿಂದುಶ್ರೀಯ ಕಡೆ ತಿರುಗಿ, "ಹಳೇ ಬದೂನೂ ಇಲ್ಲೇ ಇದ್ದದ್ದು ಕಣವ್ವ. ಗೇಣೂ ಆಕಡೆ ಈಕಡೆ ಇಲ್ಲ," ಎಂದರು. ಅವಳಿಗೆ ಶಾಲೆಯಲ್ಲಿ ಹನ್ನೆರಡು ವರ್ಷದಲ್ಲಿ ಯಾರೂ ಹಾಗೆ ಮೆಚ್ಚಿ ಹೇಳಿರಲಿಲ್ಲ.

ಜೂನ್, ಜುಲೈ ಹಾಗೇ ಕಳೆಯಿತು. ಪ್ರತಿ ಭಾನುವಾರ ಎಲ್ಲರೂ ಬರಲಿಲ್ಲ. ಒಂದು ಭಾನುವಾರ ಬಿಂದುಶ್ರೀಗೆ ಪರೀಕ್ಷೆ ಪೇಪರಿನ ಕಟ್ಟು, ಇನ್ನೊಂದು ಭಾನುವಾರ ಸಿದ್ದಮಲ್ಲಪ್ಪನವರಿಗೆ ಸೊಂಟ ಹಿಡಿದಿತ್ತು. ಯಾರು ಅಡುಗೆ ಮಾಡಬೇಕೆಂಬ ಜಗಳ ನಿಲ್ಲಲಿಲ್ಲ. ಆದರೂ ಒಂದೊಂದಾಗಿ ಐದು ಬದು ಎದ್ದವು. ಕೊರಕಲಿಗೆ ಕಲ್ಲು ತುಂಬಿದರು. ಬದುವಿನುದ್ದಕ್ಕೂ ತಂಗಡಿ ಬೀಜ ಹಾಕಿ ಲಕ್ಕಿ ಕಡ್ಡಿ ನೆಟ್ಟರು. ರಾಗಿ ಬಿತ್ತಬೇಕೆಂದು ದಾಕ್ಷಾಯಣಮ್ಮನಿಗೆ ಆಸೆಯಿತ್ತು. ನಂಜಯ್ಯ ಒಪ್ಪಲಿಲ್ಲ.

"ಈ ವರ್ಸ ಭೂಮಿ ಏನೂ ಕೊಡಕ್ಕಿಲ್ಲ. ನೀವೇ ಕೊಡಬೇಕು. ಸೆಣಬು ಹಾಕಿ. ಹೂ ಬರೋ ಹೊತ್ಗೆ ಉತ್ತು ಮಣ್ಣಿಗೆ ಸೇರ್ಸಿ. ಆಮೇಕೆ ಹುರುಳಿ. ಬಂದ್ರೆ ಬಂತು."

ಹಾಗೇ ಮಾಡಿದರು. ಆಳೆತ್ತರ ಬೆಳೆಯಬೇಕಾದ ಸೆಣಬು ಮೇಲಿನ ಎರಡು ಪಟ್ಟೆಯಲ್ಲಿ ಸೊಂಟಕ್ಕೂ ಬರಲಿಲ್ಲ. ಹೂ ಬಿಟ್ಟ ಹಸಿರನ್ನು ಉತ್ತು ಹಾಕುವಾಗ ಶಿವಕುಮಾರನಿಗೆ ಮನಸ್ಸೇ ಬರಲಿಲ್ಲ. ಕೆಳಗೆ ನಂಜಯ್ಯ ಎಳ್ಳು ಹೋದ ಹೊಲದಲ್ಲಿ ತಡವಾಗಿ ರಾಗಿ ಬಿತ್ತಿದ್ದರು. ಅವರಿಗೆ ಆ ವರ್ಷ ಉಳಿದಿದ್ದು ಅದೊಂದೇ ಬೆಳೆ.

ಸೆಪ್ಟೆಂಬರ್ ಕೊನೆಯ ಭಾನುವಾರ ಯಾರೂ ಹೊಲಕ್ಕೆ ಹೋಗಿರಲಿಲ್ಲ. ಹುರುಳಿ ಬಿತ್ತಿ ಹತ್ತು ದಿನವಾಗಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಬೆಟ್ಟದ ಕಡೆಯಿಂದ ದಕ್ಷಿಣಕ್ಕೆ ಮೋಡ ಕಪ್ಪಾಗಿ ಇಳಿದಿತ್ತು. ಮೊದಲು ತಟ್ಟೆ ಬಿಟ್ಟು ಎದ್ದವನು ಶಿವಕುಮಾರ.

"ಊಟ ಮಾಡೋ," ಎಂದರು ತಾಯಿ.

"ನೀನು ಮಾಡ್ತೀಯಾ?"

ಅವರೂ ಎದ್ದರು. ಕೈ ತೊಳೆದು ಐದು ಜನವೂ ಕಾರಿನಲ್ಲಿ ಕೂತರು. ನಂಜನಗೂಡು ದಾಟುವಾಗ ವೈಪರ್ ಎಷ್ಟು ಬಡಿದರೂ ಗಾಜಿನಾಚೆ ರಸ್ತೆ ಕಾಣುತ್ತಿರಲಿಲ್ಲ. ಕಾರೆಹುಂಡಿ ಮುಟ್ಟಿದಾಗ ಮಳೆಯ ಜೋರು ಕಳೆದು ಸಣ್ಣ ಹನಿಯಾಗಿತ್ತು.

ಮೇಲಿನ ನಾಲ್ಕು ಬದುಗಳ ಹಿಂದೆ ನೀರು ಬಾಗಿದ ಕನ್ನಡಿಯಂತೆ ನಿಂತಿತ್ತು. ಎರಡನೇ ಬದು ಒಂದು ಕಡೆ ಕುಸಿದಿದ್ದರೂ ಚೀಲಗಳು ಹಿಡಿದುಕೊಂಡಿದ್ದವು. ಐದನೆಯದೇ ಕಷ್ಟದಲ್ಲಿತ್ತು. ಅದರ ಹಿಂದೆ ನೀರು ಇನ್ನು ನಾಲ್ಕು ಬೆರಳು ಏರಿದರೆ ಅಂಚು ದಾಟುತ್ತಿತ್ತು. ದಾಟಿದರೆ ಬದು ಒಡೆದು ಮಣ್ಣೆಲ್ಲ ಒಮ್ಮೆಗೇ ಕೆಳಗೆ. ಒಂದು ಮೂಲೆಯಲ್ಲಿ ಕಲ್ಲು ಕಟ್ಟಿ ಮಾಡಿದ್ದ ಕೋಡಿಗೆ ಎರಡು ಚೀಲ ಅಡ್ಡ ಇಟ್ಟಿದ್ದರು. ಅದನ್ನು ತೆಗೆದರೆ ನೀರು ಹೋಗುವುದು ನಂಜಯ್ಯನ ರಾಗಿ ಹೊಲಕ್ಕೆ.

ನಂಜಯ್ಯ ಕೆಳಗೆ ತಲೆಗೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಗುದ್ದಲಿ ಹಿಡಿದು ನಿಂತಿದ್ದರು.

ಶಿವಕುಮಾರ ನೀರಿಗಿಳಿದು ಕೋಡಿಯ ಬಳಿ ಹೋದ. ಚೀಲದ ಮೇಲೆ ಕೈ ಇಟ್ಟವನು ಎಳೆಯಲಿಲ್ಲ.

"ನಂಜಯ್ಯನವರೇ," ಎಂದು ಕೂಗಿದ. "ಕೋಡಿ ತೆಗೀಲಾ? ನೀವು ಬೇಡ ಅಂದ್ರೆ ತೆಗೆಯಲ್ಲ. ಬದು ಹೋದ್ರೆ ಹೋಗ್ಲಿ, ಆಚೆ ಮೂಲೇಲಿ ಒಡೆದು ರಸ್ತೆ ಕಡೆ ಬಿಡ್ತೀನಿ."

ನಂಜಯ್ಯ ನಿಧಾನವಾಗಿ ಹತ್ತಿ ಬಂದರು. ಕೋಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೊಗಸೆಯಲ್ಲಿ ನೀರು ಎತ್ತಿ ನೋಡಿದರು. ಮಣ್ಣೆಲ್ಲ ಮೇಲಿನ ಪಟ್ಟೆಗಳಲ್ಲೇ ತಂಗಿತ್ತು. ಬೊಗಸೆಯ ತಳದಲ್ಲಿ ಅವರ ಅಂಗೈಯ ಗೆರೆಗಳು ಕಾಣುತ್ತಿದ್ದವು.

"ಆವತ್ತು ಕೇಳದೆ ಕಳಿಸಿದ್ದೆ," ಎಂದ ಶಿವಕುಮಾರ. ಅವನ ತಲೆಯಿಂದ ನೀರು ಇಳಿಯುತ್ತಿತ್ತು. "ತಪ್ಪಾಯ್ತು."

ನಂಜಯ್ಯ ಬೊಗಸೆ ಬಿಟ್ಟರು. "ಬುಡಪ್ಪ," ಎಂದು ಒಂದು ಚೀಲದ ಕಿವಿ ತಾವೇ ಹಿಡಿದುಕೊಂಡರು. "ಒಂದೇ ಸಲ ಬ್ಯಾಡ. ಮೊದ್ಲು ಇದು."

ಚೀಲ ಸರಿಯಿತು. ನೀರು ಕಲ್ಲಿನ ಮೇಲೆ ಇಳಿದು, ರಾಗಿಯ ಮೊದಲ ಸಾಲಿಗೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ಎರಡನೇ ಸಾಲಿಗೆ ತಿರುಗಿತು. ದಾಕ್ಷಾಯಣಮ್ಮ ಮೇಲಿನ ಬದುವಿನಲ್ಲಿ ಮೊಮ್ಮಗಳ ಹೆಗಲು ಹಿಡಿದು ನಿಂತು ನೋಡುತ್ತಿದ್ದರು. ಹತ್ತು ಸಾಲು ಆಗುವವರೆಗೂ ಯಾರೂ ಅಲ್ಲಾಡಲಿಲ್ಲ.

"ಊಟ ಆಗಿತ್ತಾ?" ನಂಜಯ್ಯ ಗುದ್ದಲಿ ತೊಳೆಯುತ್ತಾ ಕೇಳಿದರು.

"ಅರ್ಧ ಆಗಿತ್ತು," ಎಂದರು ದಾಕ್ಷಾಯಣಮ್ಮ.

"ಮನೇಲಿ ಮುದ್ದೆ ಅದೆ, ಅಲಸಂದೆ ಸಾರು ಅದೆ." ಅಷ್ಟು ಹೇಳಿ ಅವರು, ಕರೆಯಬೇಕೋ ಬಾರದೋ ಎಂಬಂತೆ ನೆಲ ನೋಡಿದರು. ದಾಕ್ಷಾಯಣಮ್ಮನ ತಂದೆಯ ಕಾಲದಲ್ಲಿ ಆ ಮನೆಯವರು ಯಾರೂ ನಂಜಯ್ಯನ ಹೊಸಿಲು ದಾಟಿದವರಲ್ಲ.

ಸಿದ್ದಮಲ್ಲಪ್ಪ ಪಂಚೆ ಹಿಂಡಿಕೊಂಡರು.

"ನಡೀರಿ ನಂಜಯ್ಯ," ಎಂದರು. "ಆರಿಹೋಗುತ್ತೆ."